ಸ್ವಲ್ಪ ಜೇನುತುಪ್ಪ, ಎರಡರಷ್ಟು ಹಣ

ಭಾನುವಾರದ ಆರಾಧನೆಯ ಸಂದೇಶ, ಹಟ್ಟಿಕೇರಿ
ಸತ್ಯವೇದ ಭಾಗ: ಆದಿಕಾಂಡ 43:11-12

ಇಂಥ ಮಳೆಯಲ್ಲೂ ಅವರ್ಸಾದಿಂದ, ಹಾರವಾಡದಿಂದ, ಬೇಲೆಕೇರಿಯಿಂದ ಕೊಡೆ ಹಿಡಿದು ಬಂದಿದ್ದೀರಿ. ನಮ್ಮನ್ನು ಜೀವದಿಂದ ಎಬ್ಬಿಸಿ ತನ್ನ ಸನ್ನಿಧಿಗೆ ಕರೆತಂದ ದೇವರಿಗೆ ಸ್ತೋತ್ರ.

ನಿಮ್ಮ ಸತ್ಯವೇದದಲ್ಲಿ ಆದಿಕಾಂಡ 43ನೇ ಅಧ್ಯಾಯ ತೆರೆಯಿರಿ. 11 ಮತ್ತು 12ನೇ ವಚನ. ಸಿಕ್ಕಿದವರು ಆಮೆನ್ ಹೇಳಿ.

ಸಂದರ್ಭ ನಿಮಗೆ ಗೊತ್ತಿದೆ. ಕಾನಾನ್ ದೇಶದಲ್ಲಿ ಘೋರವಾದ ಬರ. ಯಾಕೋಬನ ಮಕ್ಕಳು ಒಮ್ಮೆ ಐಗುಪ್ತಕ್ಕೆ ಹೋಗಿ ದವಸ ಕೊಂಡು ತಂದರು. ಚೀಲ ಬಿಚ್ಚಿ ನೋಡಿದರೆ ಅವರು ಕೊಟ್ಟ ಹಣ ಚೀಲದಲ್ಲೇ ಇದೆ! ಈಗ ತಂದ ದವಸವೂ ಮುಗಿಯಿತು, ಮತ್ತೆ ಹೋಗಬೇಕು. ಆಗ ಮುದಿ ತಂದೆ ಯಾಕೋಬ ಮಕ್ಕಳಿಗೆ ಎರಡು ಮಾತು ಹೇಳ್ತಾನೆ. ಒಂದು, ಈ ದೇಶದಲ್ಲಿ ಬೆಳೆಯುವ ಒಳ್ಳೊಳ್ಳೆಯ ಪದಾರ್ಥ ಆ ಅಧಿಕಾರಿಗೆ ಕಾಣಿಕೆಯಾಗಿ ತಗೊಂಡು ಹೋಗಿ. ಆ ಪಟ್ಟಿಯಲ್ಲಿ ಸ್ವಲ್ಪ ಜೇನುತುಪ್ಪವೂ ಇದೆ. ಎರಡನೆಯದು, ಹಣ ಎರಡರಷ್ಟು ತಗೊಂಡು ಹೋಗಿ. ಚೀಲದಲ್ಲಿ ವಾಪಸು ಬಂದ ಹಣವನ್ನೂ ಕೊಟ್ಟುಬಿಡಿ, ಅವರ ಕಣ್ತಪ್ಪಿನಿಂದ ಬಂದಿರಬಹುದು.

11ನೇ ವಚನದಲ್ಲಿ ಜೇನು. 12ನೇ ವಚನದಲ್ಲಿ ವಾಪಸು ಕೊಡುವ ಹಣ. ನಾವು ಓದುವಾಗ ಇದನ್ನು ಗಮನಿಸದೆ ಮುಂದೆ ಹೋಗ್ತೇವೆ. ಇವತ್ತು ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡೋಣ. ಯಾಕಂದ್ರೆ ನಮ್ಮ ಸಭೆಯಲ್ಲೇ ಒಂದು ಪ್ರಶ್ನೆ ಎದ್ದಿದೆ.

ಸಹೋದರಿಯ ಪ್ರಶ್ನೆ

ನಮ್ಮ ಸಭೆಯ ಒಬ್ಬ ಸಹೋದರಿ ಕೇಳಿದ ಪ್ರಶ್ನೆ ಇದು. ಅವರ ಒಪ್ಪಿಗೆ ತಗೊಂಡೇ ಹೇಳ್ತಾ ಇದ್ದೇನೆ, ಹೆಸರು ಹೇಳುವುದಿಲ್ಲ. ಅವರ ಹಿತ್ತಲಲ್ಲಿ ಮೂರು ಜೇನುಪೆಟ್ಟಿಗೆ ಇದೆ. ಮಳೆಗಾಲದಲ್ಲಿ ಹುಳಕ್ಕೆ ಹೂವು ಸಿಗುವುದು ಕಷ್ಟ, ಹೊರಗೆ ಹಾರುವುದೂ ಕಷ್ಟ. ಹುಳ ಸಾಯಬಾರದು, ಗೂಡು ಬಿಟ್ಟು ಹೋಗಬಾರದು ಅಂತ ಸಕ್ಕರೆ ಪಾಕ ಕೊಡ್ತಾರೆ. ಇದರಲ್ಲಿ ತಪ್ಪೇನಿಲ್ಲ, ಜೇನು ಸಾಕುವವರೆಲ್ಲ ಮಾಡುವ ಕೆಲಸವೇ. ಹುಳ ಆ ಪಾಕ ಕುಡಿದು, ಉಳಿದದ್ದನ್ನು ಎರಿಯಲ್ಲಿ ತುಂಬಿಸಿ ಇಡ್ತದೆ.

ಇಂಥ ಹೊತ್ತಲ್ಲಿ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದ್ರು. "ಅಕ್ಕಾ, ನಿಮ್ಮ ಕಡೆಯ ತುಡುವೆ ಜೇನು ಬೇಕು, ರೇಟು ಎಷ್ಟಾದ್ರೂ ಪರವಾಗಿಲ್ಲ" ಅಂದ್ರು. ಮನೆಯಲ್ಲಿ ಮಗನ ಫೀಸು ಕಟ್ಟಬೇಕು. ಪೆಟ್ಟಿಗೆಯಲ್ಲಿ ಇರುವುದು ಸಕ್ಕರೆ ಪಾಕದಿಂದ ಆದದ್ದು.

ಅವರು ನನಗೆ ಕೇಳಿದ್ದು ಹೀಗೆ: "ಪಾಸ್ಟರ್, ಸಕ್ಕರೆ ವಿಷ ಅಲ್ಲ. ಕುಡಿದದ್ದು ಜೇನುಹುಳವೇ, ಎರಿಗೆ ತುಂಬಿಸಿದ್ದೂ ಜೇನುಹುಳವೇ. ತಿಂದವರಿಗೆ ಏನೂ ಆಗೂದಿಲ್ಲ. ಅವರಿಗೂ ಸಂತೋಷ, ನಮ್ಮ ಮನೆಯದ್ದೂ ನಡೀತದೆ. ಯಾರಿಗೂ ಗೊತ್ತಾಗೂದಿಲ್ಲ, ಯಾರಿಗೂ ನಷ್ಟ ಇಲ್ಲ. ಹಾಗಾದ್ರೆ ಪಾಪ ಎಲ್ಲಿದೆ?"

ಪ್ರಿಯ ದೇವಜನರೇ, ಈ ಪ್ರಶ್ನೆಗೆ "ಅದು ಪಾಪ, ಮಾಡಬೇಡಿ" ಅಂತ ಒಂದೇ ಮಾತಲ್ಲಿ ಹೇಳಿ ಕಳಿಸಬಹುದು. ಆದರೆ ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡಬೇಕು. ಮಾರುವ ಮೊದಲೇ ಅವರು ಬಂದು ಕೇಳಿದರಲ್ಲ, ಅದಕ್ಕಾಗಿ ದೇವರಿಗೆ ಸ್ತೋತ್ರ. ಯಾರಿಗೂ ಗೊತ್ತಾಗದಿದ್ದರೆ, ಯಾರಿಗೂ ನೋವಾಗದಿದ್ದರೆ, ಸುಳ್ಳು ಯಾಕೆ ತಪ್ಪು? ಇದು ಜೇನು ಸಾಕುವವರ ಪ್ರಶ್ನೆ ಮಾತ್ರ ಅಲ್ಲ. ಇಲ್ಲಿ ಕೂತಿರುವ ಪ್ರತಿಯೊಬ್ಬರ ಪ್ರಶ್ನೆ.

ಜೇನು ಹೇಗೆ ಆಗ್ತದೆ

ಮೊದಲನೆಯದಾಗಿ, ನಾವು ಜೇನು ಅಂತ ಯಾವುದಕ್ಕೆ ಹೇಳ್ತೇವೆ ನೋಡೋಣ.

ನಮ್ಮ ಕಡೆ ನಾಲ್ಕು ಥರದ ಜೇನು ಇದೆ. ಎತ್ತರದ ಮರದಲ್ಲಿ, ಬಂಡೆಯಲ್ಲಿ ಕಟ್ಟುವ ಹೆಜ್ಜೇನು. ಪೊದೆಯ ಕಡ್ಡಿಗೆ ಕಟ್ಟುವ ಕೋಲುಜೇನು. ಗೋಡೆಯ ಸಂದಿಯಲ್ಲಿ ಇರುವ, ಕಚ್ಚದ ಸಣ್ಣ ಮಿಸ್ರಿ ಜೇನು. ಮರದ ಪೊಟರೆಯಲ್ಲಿ, ಹುತ್ತದಲ್ಲಿ ಇರುವ ತುಡುವೆ. ಪೆಟ್ಟಿಗೆಯಲ್ಲಿ ನಾವು ಹೆಚ್ಚಾಗಿ ಸಾಕುವುದು ಈ ತುಡುವೆಯನ್ನು.

ಹುಳ ಹೂವಿನಿಂದ ತರುವುದು ಜೇನಲ್ಲ, ಮಕರಂದ. ಅದರಲ್ಲಿ ಹೆಚ್ಚಿನ ಪಾಲು ನೀರೇ. ನಾಲಿಗೆಯಿಂದ ಹೀರಿ, ಹೊಟ್ಟೆಯೊಳಗೆ ಅದಕ್ಕಂತಲೇ ಇರುವ ಚೀಲದಲ್ಲಿ ತುಂಬಿಕೊಂಡು ಗೂಡಿಗೆ ಬರ್ತದೆ. ಬಾಗಿಲಲ್ಲಿ ಒಳಗಿನ ಕೆಲಸದ ಹುಳ ಕಾಯ್ತಾ ಇರ್ತದೆ. ಬಾಯಿಂದ ಬಾಯಿಗೆ ಕೊಡ್ತದೆ. ಆ ಹುಳ ಇನ್ನೊಂದಕ್ಕೆ ಕೊಡ್ತದೆ. ಹೀಗೆ ದಾಟಿಸುವಾಗ ಹುಳದ ಬಾಯಿಯ ರಸ ಸೇರಿ ಮಕರಂದದ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಆಗ್ತದೆ. ಆಮೇಲೆ ಅದನ್ನು ಕೋಣೆಗಳಲ್ಲಿ ತೆಳುವಾಗಿ ಹರಡಿ, ರಾತ್ರಿಯಿಡೀ ಸಾವಿರಾರು ಹುಳ ರೆಕ್ಕೆ ಬೀಸ್ತವೆ. ನೀರು ಆರಿ ಆರಿ ಕೊನೆಗೆ ನೂರರಲ್ಲಿ ಇಪ್ಪತ್ತು ಪಾಲಿನ ಹತ್ತಿರ ಬರ್ತದೆ. ನಮ್ಮ ದೇಶದ ಆಹಾರ ಕಾನೂನಿನ ಪ್ರಕಾರವೂ ಜೇನಿನಲ್ಲಿ ನೀರು ನೂರಕ್ಕೆ 20ಕ್ಕಿಂತ ಹೆಚ್ಚು ಇರಬಾರದು. ಹದಕ್ಕೆ ಬಂದ ಮೇಲೆ ಹುಳ ಮೇಣದ ಮುಚ್ಚಳ ಹಾಕಿ ಮುಚ್ಚಿಬಿಡ್ತದೆ. ಹಾಗೆ ಪಕ್ವವಾದ ಜೇನು ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ.

ಒಂದು ಹುಳ ತನ್ನ ಇಡೀ ಆಯುಷ್ಯದಲ್ಲಿ ಮಾಡುವ ಜೇನು ಒಂದು ಟೀ ಚಮಚದ ಹನ್ನೆರಡರಲ್ಲಿ ಒಂದು ಪಾಲು ಅಂತ ಲೆಕ್ಕ ಹೇಳ್ತಾರೆ. ಅದೂ ವಿದೇಶದ ದೊಡ್ಡ ಹುಳದ ಲೆಕ್ಕ. ನಮ್ಮ ತುಡುವೆ ಅದಕ್ಕಿಂತ ಸಣ್ಣದು. ಅಂದ್ರೆ ನೀವು ಬೆಳಿಗ್ಗೆ ಬಿಸಿನೀರಿಗೆ ಹಾಕುವ ಒಂದು ಚಮಚ ಜೇನಿನಲ್ಲಿ ಹತ್ತಾರು ಹುಳಗಳ ಜೀವಮಾನ ಇದೆ.

ಈಗ ಮುಖ್ಯವಾದ ಮಾತು ಕೇಳಿ. ಜೇನಿನ ಬೆಲೆ ಅದರ ಸಿಹಿಯಲ್ಲಿ ಇಲ್ಲ. ಸಿಹಿ ಬೇಕಾದ್ರೆ ಅಂಗಡಿಯಲ್ಲಿ ಸಕ್ಕರೆ ಅಗ್ಗಕ್ಕೆ ಸಿಗ್ತದೆ. ಜೇನಿಗೆ ಹತ್ತು ಪಟ್ಟು ಕೊಡುವುದು ಯಾಕೆ? ಅದು ಬಂದ ದಾರಿಗೆ. ಮಾವು, ಗೇರು, ನೇರಳೆ, ಹೊಂಗೆ ಹೀಗೆ ಯಾವ ಯಾವ ಹೂವಿನಿಂದ ಬಂತೋ ಅದರ ಪರಿಮಳ, ಬಣ್ಣ, ಗುಣ ಜೇನಿನಲ್ಲಿ ಇರ್ತದೆ. ನೇರಳೆಯ ಜೇನು ಸ್ವಲ್ಪ ಕಹಿ. ಆ ಕಹಿಯೇ ಅದು ನೇರಳೆಯಿಂದ ಬಂತು ಅಂತ ಸಾಕ್ಷಿ ಹೇಳ್ತದೆ.

ಸಕ್ಕರೆ ಪಾಕ ಕುಡಿದ ಹುಳ ಅದನ್ನೂ ಒಡೆದು, ಆರಿಸಿ, ಮುಚ್ಚಿಡ್ತದೆ ನಿಜ. ಹುಳ ಮೋಸ ಮಾಡಲಿಲ್ಲ, ಕೊಟ್ಟದ್ದನ್ನು ನಿಷ್ಠೆಯಿಂದ ಮಾಡಿತು. ಆದರೆ ಅದರಲ್ಲಿ ಯಾವ ಹೂವಿನ ಸಾಕ್ಷಿಯೂ ಇಲ್ಲ. ಕೊಂಡವರು ಹಣ ಕೊಟ್ಟದ್ದು ಯಾವುದಕ್ಕೋ ಅದೇ ಬಾಟಲಿಯಲ್ಲಿ ಇಲ್ಲ. ಆದ್ದರಿಂದ ಸಹೋದರಿಯ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಸಿಕ್ಕಿತು. ಯಾರಿಗೂ ನಷ್ಟ ಇಲ್ಲ ಅನ್ನುವುದು ಸರಿಯಲ್ಲ. ನಷ್ಟ ಆಗಿದೆ, ಆದರೆ ನಷ್ಟ ಆದವರಿಗೆ ಅದು ಗೊತ್ತಿಲ್ಲ, ಅಷ್ಟೇ. ನಿಮ್ಮ ಜೇಬಿನಿಂದ ಹಣ ಹೋದದ್ದು ನಿಮಗೆ ಗೊತ್ತಾಗದಿದ್ದರೆ ಹಣ ಹೋಗಲಿಲ್ಲ ಅಂತ ಆಗ್ತದಾ?

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಪಾಕವೇ ಜೇನಿನ ಹೆಸರಲ್ಲಿ ಅಗ್ಗಕ್ಕೆ ಸಿಗುವಾಗ, ನಿಜವಾದ ಜೇನು ಇಟ್ಟವನಿಗೆ ಬೆಲೆ ಸಿಗುವುದಿಲ್ಲ. ಅವನು ಪೆಟ್ಟಿಗೆ ಬಿಟ್ಟುಬಿಡ್ತಾನೆ. ಪೆಟ್ಟಿಗೆ ಹೋದರೆ ಸುತ್ತಲಿನ ತೋಟದ ಹೂವು ಕಾಯಿ ಕಟ್ಟುವುದೂ ಕಡಿಮೆ ಆಗ್ತದೆ. ಒಬ್ಬರ ಸಣ್ಣ ಸುಳ್ಳಿಗೆ ಊರೇ ಬೆಲೆ ಕೊಡಬೇಕು.

ಆಲ್ ಪಾಸ್

ಎರಡನೆಯದಾಗಿ, "ಯಾರಿಗೂ ಗೊತ್ತಾಗುವುದಿಲ್ಲ" ಅನ್ನುವ ಮಾತು.

ನಿಜ ಹೇಳಬೇಕಂದ್ರೆ, ಗೊತ್ತಾಗುವುದು ಬಹಳ ಕಷ್ಟ. ನಾವು ಮನೆಯಲ್ಲಿ ಪರೀಕ್ಷೆ ಮಾಡ್ತೇವೆ. ನೀರಿಗೆ ಹಾಕಿ ತಳಕ್ಕೆ ಹೋಗ್ತದಾ ನೋಡ್ತೇವೆ. ಬೆಂಕಿಕಡ್ಡಿ ಅದ್ದಿ ಗೀರಿ ನೋಡ್ತೇವೆ. ದಪ್ಪ ಪಾಕ ಮಾಡಿದರೆ ಅದೂ ತಳಕ್ಕೆ ಹೋಗ್ತದೆ, ಮಾರಾಯ್ರೇ. ಇನ್ನೊಂದು ಕಡೆ, ನಿಜವಾದ ಜೇನು ಚಳಿಗೆ ಹೆಪ್ಪುಗಟ್ಟಿ ಹರಳಾದರೆ "ಇದು ಸಕ್ಕರೆ" ಅಂತ ವಾಪಸು ಕೊಡ್ತೇವೆ. ಗ್ಲೂಕೋಸ್ ಹರಳಾಗುವುದು ಜೇನಿನ ಸ್ವಭಾವ. ನೋಡಿ, ನಕಲಿಯನ್ನು ಪಾಸ್ ಮಾಡ್ತೇವೆ, ಅಸಲಿಯನ್ನು ಫೇಲ್ ಮಾಡ್ತೇವೆ. ನಮ್ಮ ಕಣ್ಣು ಅಷ್ಟೇ.

ಲ್ಯಾಬಿನ ಕಥೆ ಏನು? 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಒಂದು ತನಿಖಾ ವರದಿ ಹೊರಗೆ ತಂತು. ಮಾರುಕಟ್ಟೆಯ 13 ಬ್ರ್ಯಾಂಡಿನ 22 ಮಾದರಿ ಪರೀಕ್ಷೆಗೆ ಕಳಿಸಿದ್ರು. ಎಲ್ಲ ಪರೀಕ್ಷೆಯಲ್ಲೂ ಪಾಸ್ ಆದದ್ದು 5 ಮಾದರಿ ಮಾತ್ರ ಅಂತ ಅವರು ಹೇಳಿದ್ರು. ಕಂಪನಿಗಳು ಅದನ್ನು ಒಪ್ಪಲಿಲ್ಲ. ಆ ಜಗಳ ನಮಗೆ ಬೇಡ. ಆ ತನಿಖೆಯಲ್ಲಿ ಹೊರಗೆ ಬಂದ ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ನಾಟಿತು. ಕಬ್ಬು, ಮೆಕ್ಕೆಜೋಳದ ಸಕ್ಕರೆಗೆ ಲ್ಯಾಬಿನಲ್ಲಿ ಒಂದು ಗುರುತು ಸಿಗ್ತದೆ. ಮೊದಲು ಬೆರೆಸುವವರು ಅದರಲ್ಲಿ ಸಿಕ್ಕಿಬೀಳ್ತಿದ್ರು. ಆಮೇಲೆ ಅಕ್ಕಿಯಂಥದ್ದರಿಂದ ಪಾಕ ಮಾಡಲಿಕ್ಕೆ ಕಲಿತರು, ಅದಕ್ಕೆ ಆ ಗುರುತು ಇಲ್ಲ. ಪರೀಕ್ಷೆ ಬದಲಾದ ಹಾಗೆ ಪಾಕವೂ ಬದಲಾಯಿತು. ಕೊನೆಗೆ ಆ ಪಾಕಕ್ಕೆ ವ್ಯಾಪಾರದಲ್ಲಿ ಇಟ್ಟ ಹೆಸರು ಏನು ಗೊತ್ತಾ? "ಆಲ್ ಪಾಸ್ ಸಿರಪ್". ಎಲ್ಲ ಪರೀಕ್ಷೆಯಲ್ಲೂ ಪಾಸ್. ತನಿಖೆ ಮಾಡಿದವರು ತಾವೇ ಜೇನಿಗೆ ಅರ್ಧಕ್ಕೆ ಅರ್ಧ ಅಂಥ ಪಾಕ ಬೆರೆಸಿ ಲ್ಯಾಬಿಗೆ ಕೊಟ್ಟರು. ನಮ್ಮ ದೇಶದ ನಿಯಮದ ಪರೀಕ್ಷೆಯಲ್ಲಿ ಅದು ಪಾಸ್!

ಯೋಚನೆ ಮಾಡಿ. ಪರೀಕ್ಷೆಗೆ ಬೇಕಾದ ಗುಣ ಎಲ್ಲ ಇದೆ, ಜೇನು ಮಾತ್ರ ಇಲ್ಲ. ಪಾಸ್ ಆಗುವುದು ಬೇರೆ, ಜೇನಾಗುವುದು ಬೇರೆ. ಪಕ್ಕದವರಿಗೆ ಹೇಳಿ: ಪಾಸ್ ಆಗುವುದು ಬೇರೆ, ಜೇನಾಗುವುದು ಬೇರೆ.

ಸತ್ಯವೇದದಲ್ಲಿ ಆಲ್ ಪಾಸ್ ಆದವನು ಯಾರು? ಆದಿಕಾಂಡ 27. ಇಸಾಕನಿಗೆ ಕಣ್ಣು ಮಂದವಾಗಿದೆ. ಏಸಾವನಿಗೆ ಕೊಡಬೇಕಾದ ಆಶೀರ್ವಾದಕ್ಕೆ ಯಾಕೋಬ ವೇಷ ಹಾಕಿ ಬಂದಿದ್ದಾನೆ. ಇಸಾಕ ಸುಮ್ಮನೆ ನಂಬಲಿಲ್ಲ, ಪರೀಕ್ಷೆ ಮಾಡಿದ. ಮುಟ್ಟಿ ನೋಡಿದ, ಕೈಗೆ ಆಡುಮರಿಯ ಚರ್ಮ ಸುತ್ತಿದೆ, ಪಾಸ್. ನೀನು ನಿಜವಾಗಿ ಏಸಾವನೋ ಅಂತ ಕೇಳಿದ, ಹೌದು ಅಂದ, ಪಾಸ್. ಊಟದ ರುಚಿ ನೋಡಿದ, ಪಾಸ್. ಬಟ್ಟೆಯ ವಾಸನೆ ನೋಡಿದ, ಏಸಾವನ ಬಟ್ಟೆ, ಪಾಸ್. ಸ್ವರ ಮಾತ್ರ ಯಾಕೋಬನದ್ದು ಅಂತ ಅನುಮಾನ ಬಂತು. ಉಳಿದದ್ದೆಲ್ಲ ಸರಿ ಇತ್ತಲ್ಲ, ಆಶೀರ್ವಾದ ಕೊಟ್ಟುಬಿಟ್ಟ.

ಯಾಕೋಬ ಪಾಸ್ ಆದ. ಆದರೆ ಏಸಾವ ಆಗಲಿಲ್ಲ. ಆ ದಿನದಿಂದ ಅವನ ಜೀವನ ನೋಡಿ. ಮನೆ ಬಿಟ್ಟು ಓಡಿದ. ಲಾಬಾನ ಮದುವೆಯ ರಾತ್ರಿ ರಾಹೇಲಳ ಬದಲು ಲೇಯಳನ್ನು ಕೊಟ್ಟ. ಕೊನೆಗೆ ಅವನ ಸ್ವಂತ ಮಕ್ಕಳು ಯೋಸೇಫನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ತಂದು, ಇದು ನಿನ್ನ ಮಗನದ್ದೋ ನೋಡು ಅಂದ್ರು. ಯಾಕೋಬ ಪರೀಕ್ಷೆ ಮಾಡಿದ, ಅಂಗಿ ಮಗನದ್ದೇ. ಅವನು ತಂದೆಯನ್ನು ಮೋಸ ಮಾಡಿದ್ದು ಆಡಿನ ಚರ್ಮದಿಂದ, ಮಕ್ಕಳು ಅವನನ್ನು ಮೋಸ ಮಾಡಿದ್ದು ಆಡಿನ ರಕ್ತದಿಂದ. ಜ್ಞಾನೋಕ್ತಿ 20:17 ಮನೆಗೆ ಹೋಗಿ ಓದಿ. ಮೋಸದಿಂದ ಸಿಕ್ಕಿದ ಊಟ ಮೊದಲು ರುಚಿ, ಆಮೇಲೆ ಬಾಯಿ ತುಂಬ ಕಲ್ಲು ಅನ್ನುವ ಅರ್ಥದ ಮಾತು ಅಲ್ಲಿದೆ. ಯಾಕೋಬನ ಬಾಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಲ್ಲು ಇತ್ತು.

ಇಂಥ ಮನುಷ್ಯ 43ನೇ ಅಧ್ಯಾಯದಲ್ಲಿ ಏನು ಮಾಡ್ತಾ ಇದ್ದಾನೆ? ಬರ ಇದೆ, ಮನೆಯಲ್ಲಿ ಮೊಮ್ಮಕ್ಕಳು ಹಸಿದಿದ್ದಾರೆ. ಚೀಲದಲ್ಲಿ ಬಂದ ಹಣ ಇಟ್ಟುಕೊಳ್ಳಲಿಕ್ಕೆ ಎಷ್ಟು ಕಾರಣ ಬೇಕು? "ನಾವು ಕದ್ದದ್ದಲ್ಲ, ತಾನಾಗಿ ಬಂತು. ಐಗುಪ್ತಕ್ಕೆ ಹಣಕ್ಕೇನು ಕಡಿಮೆ? ದೇವರೇ ಕೊಟ್ಟದ್ದು, ಹಲ್ಲೆಲೂಯಾ" ಅನ್ನಬಹುದಿತ್ತು. ಅವನು ಹಾಗೆ ಹೇಳಲಿಲ್ಲ. ವಾಪಸು ಕೊಡಿ ಅಂದ. ಪರೀಕ್ಷೆ ಪಾಸ್ ಮಾಡುವ ಯಾಕೋಬ ಹೋಗಿ, ಸತ್ಯವಂತನಾದ ಯಾಕೋಬ ಬಂದಿದ್ದಾನೆ. ದೇವರಿಗೆ ಮಹಿಮೆಯಾಗಲಿ.

ಹೆಸರೇ ಮಾತು ಕೊಟ್ಟ ಹಾಗೆ

ಮೂರನೆಯದಾಗಿ, ಹಾಗಾದ್ರೆ ಪಾಪ ಸರಿಯಾಗಿ ಎಲ್ಲಿದೆ?

ಸಕ್ಕರೆಯಲ್ಲಿ ಇಲ್ಲ. ಪಾಕದಲ್ಲಿ ಇಲ್ಲ. ಹಳೇ ಒಡಂಬಡಿಕೆಯಲ್ಲಿ ಜೇನಿಗೆ ಬಳಸುವ ಇಬ್ರಿಯ ಪದ ದೆವಾಶ್. ಖರ್ಜೂರದಂಥ ಹಣ್ಣಿನ ಪಾಕಕ್ಕೂ ಅದೇ ಪದ ಸಲ್ಲುತ್ತಿತ್ತು ಅಂತ ವೇದಪಂಡಿತರು ಹೇಳ್ತಾರೆ. ಜೇನು ಸಾಕುವುದೂ ಅಲ್ಲಿ ಇತ್ತು. 2007ರಲ್ಲಿ ಇಸ್ರಾಯೇಲಿನ ತೇಲ್ ರೆಹೋವ್ ಎಂಬಲ್ಲಿ ಅಗೆದಾಗ ಸುಮಾರು 3000 ವರ್ಷ ಹಿಂದಿನ, ಮಣ್ಣು ಮತ್ತು ಹುಲ್ಲಿನಿಂದ ಮಾಡಿದ ಜೇನುಗೂಡುಗಳು ಸಾಲಾಗಿ ಸಿಕ್ಕಿವೆ. ಯಾಕೋಬ ಕಳಿಸಿದ್ದು ಹುಳದ ಜೇನೇ ಇರಲಿ, ಹಣ್ಣಿನ ಪಾಕವೇ ಇರಲಿ, ಇದ್ದದ್ದನ್ನು ಇದ್ದ ಹಾಗೆ ಕಳಿಸಿದ. ಪಾಕವನ್ನು ಪಾಕ ಅಂತ ಮಾರಿದರೆ ಅದು ವ್ಯಾಪಾರ. ಪಾಕವನ್ನು ಜೇನು ಅಂತ ಮಾರಿದರೆ ಅದು ಸುಳ್ಳು.

ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯ. ಅನನೀಯ, ಸಪ್ಫೈರ ಹೊಲ ಮಾರಿ ಹಣದಲ್ಲಿ ಒಂದು ಪಾಲು ತಂದಿಟ್ಟರು. ಪೇತ್ರ ಏನು ಕೇಳ್ತಾನೆ? ಹೊಲ ನಿನ್ನದೇ ಆಗಿತ್ತಲ್ಲ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ ಅನ್ನುವ ಅರ್ಥದಲ್ಲಿ ಕೇಳ್ತಾನೆ. ಅರ್ಧ ಕೊಟ್ಟದ್ದು ಪಾಪ ಅಲ್ಲ. ಅರ್ಧವನ್ನು ಪೂರ್ತಿ ಅಂತ ತೋರಿಸಿದ್ದು ಪಾಪ. ನೀನು ಮನುಷ್ಯರಿಗೆ ಅಲ್ಲ, ದೇವರಿಗೇ ಸುಳ್ಳು ಹೇಳಿದ್ದು ಅಂತ ಪೇತ್ರ ಅವನಿಗೆ ಹೇಳಿದ.

ನಾವು ಒಂದು ವಸ್ತುವಿನ ಹೆಸರು ಹೇಳುವಾಗ ಮಾತು ಕೊಡ್ತಾ ಇದ್ದೇವೆ. ನಮ್ಮ ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ನಮಗೆಲ್ಲ ಹೆಮ್ಮೆ. ಬೇರೆ ಕಡೆಯ ಹಣ್ಣು ತಂದು ಆ ಹೆಸರಲ್ಲಿ ಮಾರಿದರೆ ನಮಗೆ ಸಿಟ್ಟು ಬರ್ತದೋ ಇಲ್ಲವೋ? ಹಣ್ಣು ಸಿಹಿಯೇ ಇರಬಹುದು. ಆದ್ರೂ ಸಿಟ್ಟು ಬರ್ತದೆ. ಹಾಗೇ ನಿನ್ನೆಯ ಬಂಗಡೆಯನ್ನು ಇವತ್ತಿನದ್ದು ಅನ್ನುವುದು, ನೀರು ಹಾಕಿದ ಹಾಲನ್ನು ಗಟ್ಟಿ ಹಾಲು ಅನ್ನುವುದು, ಅರ್ಧ ದಿನ ಕೆಲಸ ಮಾಡಿ ಪೂರ್ತಿ ದಿನದ ಹಾಜರಿ ಹಾಕಿಸುವುದು. ಎಲ್ಲ ಒಂದೇ ಜಾತಿ.

ಈ ವರ್ಷ ಜೇನು ಇಲ್ಲ

ಈಗ ಸ್ವಲ್ಪ ಕಷ್ಟದ ಮಾತು. ಪವಿತ್ರಾತ್ಮನು ನಮ್ಮೊಂದಿಗೆ ಮಾತಾಡಲಿ.

ಪ್ರತಿ ಭಾನುವಾರ ಇಲ್ಲಿ ಸಾಕ್ಷಿ ಹೇಳುವ ಸಮಯ ಇದೆ. ಬಹಳ ಒಳ್ಳೆಯದು. ದೇವರು ಇವತ್ತಿಗೂ ಗುಣ ಮಾಡ್ತಾನೆ ಅಂತ ನಾವು ನಂಬ್ತೇವೆ, ನಾನೂ ನಂಬ್ತೇನೆ. ಆದರೆ ಒಂದು ವಿಷಯ ಗಮನಿಸಿ. ಯಾವ ಸಾಕ್ಷಿಗೆ ಹಲ್ಲೆಲೂಯಾ ಜೋರಾಗಿ ಬರ್ತದೆ ಅಂತ ನಮಗೆಲ್ಲ ಗೊತ್ತು. "ಪೂರ್ತಿ ಗುಣ ಆಯ್ತು" ಅಂದ್ರೆ ಚಪ್ಪಾಳೆ. "ಸ್ವಲ್ಪ ಕಡಿಮೆ ಆಗಿದೆ, ಇನ್ನೂ ಮಾತ್ರೆ ತಗೊಳ್ತಾ ಇದ್ದೇನೆ" ಅಂದ್ರೆ ಅಷ್ಟು ಸದ್ದಿಲ್ಲ. ಹಾಗಾಗಿ ಮೈಕ್ ಕೈಗೆ ಬಂದಾಗ ನಾಲಿಗೆ ತಾನಾಗಿ ಸ್ವಲ್ಪ ಪಾಕ ಬೆರೆಸ್ತದೆ. ಕಡಿಮೆ ಆದದ್ದು ಗುಣ ಆಯ್ತು ಆಗ್ತದೆ. ಇದು ವೇದಿಕೆಯ ಮೇಲೆ ನಿಲ್ಲುವ ಪಾಸ್ಟರ್‌ಗಳಿಗೂ ಹೇಳುವ ಮಾತು. ಇಪ್ಪತ್ತು ಜನ ಬಂದ ಕೂಟಕ್ಕೆ ಐವತ್ತು ಅನ್ನುವುದು ಯಾವ ಜೇನು?

ಇದರಿಂದ ಯಾರಿಗೆ ನಷ್ಟ ಅಂತ ಕೇಳಬೇಡಿ. ಆ ಸಾಕ್ಷಿ ಕೇಳಿದ ಇನ್ನೊಬ್ಬರು ಮನೆಗೆ ಹೋಗಿ ಶುಗರಿನ ಮಾತ್ರೆ ಬಿಟ್ಟರೆ? ಡಾಕ್ಟರು ಹೇಳದೆ ಯಾರೂ ಮಾತ್ರೆ ಬಿಡಬೇಡಿ, ಇದನ್ನು ಸ್ಪಷ್ಟವಾಗಿ ಹೇಳ್ತಾ ಇದ್ದೇನೆ. ಹಿಂದಿನ ಬೆಂಚಿನಲ್ಲಿ ಕೂತ ಇನ್ನೊಬ್ಬ ಅಮ್ಮ ಮೂರು ವರ್ಷದಿಂದ ಉಪವಾಸ ಇದ್ದು ಪ್ರಾರ್ಥನೆ ಮಾಡ್ತಾ ಇದ್ದಾರೆ, ಇನ್ನೂ ಗುಣ ಆಗಲಿಲ್ಲ. "ಎಲ್ಲರಿಗೂ ಆಯ್ತು, ನನಗೆ ಮಾತ್ರ ಆಗಲಿಲ್ಲ, ನನ್ನ ವಿಶ್ವಾಸದಲ್ಲೇ ಕೊರತೆ ಇದೆ" ಅಂತ ಅವರು ಅಳ್ತಾರೆ. ಅಗ್ಗದ ಪಾಕ ಬಂದಾಗ ನಿಜವಾದ ಜೇನು ಸಾಕುವವನು ಸೋಲುವುದು ಹೀಗೇ.

"ದೇವರ ಮಹಿಮೆಗಾಗಿ ಹೇಳಿದ್ದು" ಅನ್ನಬಹುದು. ಯೋಬ 13:7 ನೋಡಿ. ದೇವರ ಪರವಾಗಿ ಸುಳ್ಳು ಹೇಳ್ತೀರೋ ಅಂತ ಯೋಬ ತನ್ನ ಸ್ನೇಹಿತರನ್ನು ಕೇಳ್ತಾನೆ. ದೇವರಿಗೆ ನಮ್ಮ ಸುಳ್ಳಿನ ಸಹಾಯ ಬೇಕಾಗಿಲ್ಲ.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಂತು. ಹುಳದ ಮರಿಗಳು ಎರಿಯ ಕೋಣೆಯಲ್ಲೇ ಸತ್ತುಹೋದವು. ನಮ್ಮ ಕರ್ನಾಟಕದಲ್ಲೂ ಬಹುಪಾಲು ಪೆಟ್ಟಿಗೆ ಖಾಲಿಯಾಯಿತು. ಅಂಥ ವರ್ಷ ಜೇನು ಸಾಕುವವನ ಬಾಗಿಲಿಗೆ ಗಿರಾಕಿ ಬಂದರೆ ಅವನು ಹೇಳಬಹುದಾದ ಸತ್ಯದ ಮಾತು ಒಂದೇ: "ಈ ವರ್ಷ ಜೇನು ಇಲ್ಲ."

ಆ ಮಾತು ಹೇಳಲಿಕ್ಕೆ ಎಷ್ಟು ಧೈರ್ಯ ಬೇಕು! ಆದರೆ ಅದನ್ನು ಹೇಳುವವನು ಮುಂದಿನ ವರ್ಷ "ಇದು ಜೇನು" ಅಂದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಇಲ್ಲದಾಗ ಇಲ್ಲ ಅಂದವನ ಮಾತಿಗೇ ಇದ್ದಾಗ ಬೆಲೆ.

ಪ್ರವಾದಿ ಹಬಕ್ಕೂಕ 3ನೇ ಅಧ್ಯಾಯದ ಕೊನೆಯಲ್ಲಿ ಇದನ್ನೇ ಮಾಡ್ತಾನೆ. ಅಂಜೂರ ಇಲ್ಲ, ದ್ರಾಕ್ಷಿ ಇಲ್ಲ, ಎಣ್ಣೆಯ ಮರ ಕೈಕೊಟ್ಟಿತು, ಹೊಲದಲ್ಲಿ ಬೆಳೆ ಇಲ್ಲ, ಹಟ್ಟಿಯಲ್ಲಿ ದನ ಇಲ್ಲ ಅಂತ ಒಂದೊಂದಾಗಿ ಲೆಕ್ಕ ಹೇಳ್ತಾನೆ. ಒಂದನ್ನೂ ಮುಚ್ಚಿಡುವುದಿಲ್ಲ. ಆಮೇಲೆ, ಆದರೂ ನಾನು ಕರ್ತನಲ್ಲಿ ಸಂತೋಷಪಡ್ತೇನೆ ಅಂತಾನೆ. ಅದು ಶುದ್ಧ ಜೇನು. ನಮ್ಮ ಸಭೆಯಲ್ಲಿ ಒಬ್ಬ ತಾಯಿ ಮೈಕ್ ಹಿಡಿದು "ನನಗೆ ಇನ್ನೂ ಗುಣ ಆಗಲಿಲ್ಲ, ಆದರೆ ಕರ್ತನು ನನ್ನನ್ನು ಬಿಟ್ಟಿಲ್ಲ" ಅಂದ್ರೆ, ಆವತ್ತು ಹಲ್ಲೆಲೂಯಾ ಎಲ್ಲಕ್ಕಿಂತ ಜೋರಾಗಿ ಬರಬೇಕು. ಬರ್ತದಾ? ಬರಬೇಕು, ಸಭೆಯೇ. ಆಮೆನ್.

ಮಾಡುವುದೇನು

ಸಹೋದರಿಗೆ, ಮತ್ತು ಅವರ ಥರ ಇರುವ ಎಲ್ಲರಿಗೂ ಹೇಳುವುದು ಇಷ್ಟು. ಮಳೆಗಾಲದಲ್ಲಿ ಹುಳಕ್ಕೆ ಪಾಕ ಕೊಡಿ, ಅದು ದಯೆಯ ಕೆಲಸ. ಪಾಕದಿಂದ ಆದದ್ದು ಹುಳದ ಪಾಲು, ಅದಕ್ಕೇ ಬಿಡಿ. ಫೋನ್ ಮಾಡಿದವರಿಗೆ "ಈಗ ಜೇನು ಇಲ್ಲ, ಬೇಸಿಗೆಯಲ್ಲಿ ಕೇಳಿ" ಅನ್ನಿ.

ಹಾಗೆ ಹೇಳುವ ಭಾರ ಅವರೊಬ್ಬರ ಮೇಲೆ ಬೀಳಬಾರದು. ಫೀಸಿನ ಕಷ್ಟ ನಿಜವಾದ ಕಷ್ಟ. ಸತ್ಯ ಹೇಳಿದ್ದಕ್ಕೆ ಒಬ್ಬರಿಗೆ ಹಣ ತಪ್ಪಿಹೋದರೆ ಅವರ ಪಕ್ಕದಲ್ಲಿ ನಿಲ್ಲುವುದು ಸಭೆಯ ಕೆಲಸ. ನಾವು "ಸತ್ಯವಾಗಿರು ತಂಗಿ" ಅಂತ ಉಪದೇಶ ಮಾತ್ರ ಮಾಡಿ, ಮನೆಗೆ ಹೋಗಿ ಉಂಡು ಮಲಗಿದರೆ, ನಮ್ಮ ಉಪದೇಶವೂ ಆಲ್ ಪಾಸ್ ಸಿರಪ್ಪೇ. ಆರಾಧನೆ ಮುಗಿದ ಮೇಲೆ ಹಿರಿಯರು ಸ್ವಲ್ಪ ಕೂತು ಈ ಫೀಸಿನ ವಿಷಯ ಮಾತಾಡೋಣ.

ಆ ಜೇನು ಯಾರ ಕೈ ಸೇರಿತು

ಕೊನೆಯದಾಗಿ, ಯಾಕೋಬನ ಜೇನು ಎಲ್ಲಿಗೆ ಹೋಯಿತು ನೋಡಿ.

ಯಾಕೋಬ ಅದನ್ನು ಕಳಿಸಿದ್ದು ಯಾರಿಗೆ? ಮುಖ ನೋಡದ ಒಬ್ಬ ಪರದೇಶದ ಅಧಿಕಾರಿಗೆ. ಮಕ್ಕಳ ಹತ್ತಿರ ಕಠಿಣವಾಗಿ ಮಾತಾಡಿದವನಿಗೆ, ಸಿಮೆಯೋನನನ್ನು ಹಿಡಿದಿಟ್ಟವನಿಗೆ. ಅಂಥವನಿಗೆ ಸ್ವಲ್ಪ ಕಳಪೆ ಪದಾರ್ಥ ಕಳಿಸಿದರೆ ಯಾರು ಕೇಳ್ತಿದ್ರು? ಆದರೆ ಇದ್ದದ್ದರಲ್ಲಿ ಒಳ್ಳೆಯದನ್ನೇ ಕಳಿಸಿದ, ಹಣವನ್ನೂ ವಾಪಸು ಕಳಿಸಿದ. ಆ ಕಾಣಿಕೆ ಯಾರ ಕೈಗೆ ಹೋಯಿತು? ಸತ್ತುಹೋದ ಅಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅತ್ತ ತನ್ನ ಸ್ವಂತ ಮಗ ಯೋಸೇಫನ ಕೈಗೆ! ಪರದೇಶಿಗೆ ಅಂತ ಕಳಿಸಿದ ಜೇನು ಮಗನನ್ನು ಸೇರಿತು. ಯಾಕೋಬನಿಗೆ ಆ ಹೊತ್ತಿಗೆ ಅದು ಗೊತ್ತಿರಲಿಲ್ಲ.

ಫೋನಿನಲ್ಲಿ ಕೇಳಿದ ಬೆಂಗಳೂರಿನ ಆ ಗಿರಾಕಿಯನ್ನು ನೀವು ಯಾವತ್ತೂ ನೋಡಲಿಕ್ಕಿಲ್ಲ. ನಮ್ಮ ಟೋಲ್ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಹಣ್ಣು ಕೊಂಡು ಹೋಗುವವರು ಮತ್ತೆ ಬರಲಿಕ್ಕಿಲ್ಲ. ಆದರೆ ಮತ್ತಾಯ 25ರಲ್ಲಿ ಕರ್ತನು ಹೇಳಿದ್ದು ನೆನಪಿದೆಯಲ್ಲ? ಅಲ್ಪರಾದ ಒಬ್ಬರಿಗೆ ನಾವು ಮಾಡಿದ್ದನ್ನು ಆತನು ತನಗೇ ಮಾಡಿದ್ದು ಅಂತ ಲೆಕ್ಕ ಇಡ್ತಾನೆ. ಮುಖ ಕಾಣದ ಗಿರಾಕಿಯ ಹಿಂದೆ ಯಾರಿದ್ದಾರೆ ಅಂತ ನಮಗೆ ಈಗ ಕಾಣಿಸುವುದಿಲ್ಲ. ಒಂದು ದಿನ ಕಾಣಿಸ್ತದೆ. ಆವತ್ತು ನಾವು ಕೊಟ್ಟ ಬಾಟಲಿ ಆತನ ಕೈಯಲ್ಲಿ ಇರ್ತದೆ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನ್ನ ವಾಕ್ಯಕ್ಕಾಗಿ ಸ್ತೋತ್ರ. ಯಾಕೋಬನನ್ನು ಬದಲಾಯಿಸಿದ ದೇವರೇ, ನಮ್ಮನ್ನೂ ಬದಲಾಯಿಸು. ಇಲ್ಲದಾಗ ಇಲ್ಲ ಅನ್ನುವ ಧೈರ್ಯ ಕೊಡು. ನಮ್ಮ ವ್ಯಾಪಾರವೂ ನಮ್ಮ ಸಾಕ್ಷಿಯೂ ನಿನ್ನ ಮುಂದೆ ಕಲಬೆರಕೆ ಇಲ್ಲದೆ ಇರಲಿ. ಕಾಯುತ್ತಾ ಇರುವ ರೋಗಿಗಳನ್ನು ಮುಟ್ಟು ಕರ್ತನೇ, ಕಾಯುವ ದಿನಗಳಲ್ಲಿ ಅವರ ಕೈ ಬಿಡಬೇಡ. ಮಕ್ಕಳ ಫೀಸಿಗಾಗಿ ಕಷ್ಟಪಡುವ ತಂದೆ ತಾಯಂದಿರ ಕೊರತೆ ನೀಗಿಸು, ನೀಗಿಸುವ ಕೈಗಳಾಗಿ ನಮ್ಮನ್ನು ಉಪಯೋಗಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.